ಹೆನ್ರಿಯೆಟ್ಟಾ ಬೀದಿಯ ಮನೆ ಯಾರದು?

ಡಬ್ಲಿನ್ ನಗರದಲ್ಲಿ ಲಿಫಿ ನದಿಯ ಉತ್ತರಕ್ಕೆ, ಬೋಲ್ಟನ್ ಬೀದಿಯಿಂದ ಕವಲೊಡೆದು ದಿಬ್ಬ ಏರುವ ಚಿಕ್ಕ ಬೀದಿ ಹೆನ್ರಿಯೆಟ್ಟಾ ಸ್ಟ್ರೀಟ್. ನೆಲಕ್ಕೆ ಕಲ್ಲುಹಾಸು, ಮೇಲ್ತುದಿಯಲ್ಲಿ ಕಿಂಗ್ಸ್ ಇನ್ಸ್ ಎಂಬ ವಕೀಲರ ಸಂಸ್ಥೆ, ಎರಡೂ ಬದಿಗೆ ಗೋಡೆಗೆ ಗೋಡೆ ಸೇರಿಸಿ ಕಟ್ಟಿದ ಎತ್ತರದ ಇಟ್ಟಿಗೆ ಮನೆಗಳು. 1714ರಿಂದ 1830ರವರೆಗೆ ಒಬ್ಬರ ಹಿಂದೊಬ್ಬರಂತೆ ಆಳಿದ ನಾಲ್ವರು ಜಾರ್ಜ್ ದೊರೆಗಳ ಕಾಲದಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಊರುಗಳಲ್ಲಿ ಎದ್ದ ಇಂಥ ಸಾಲುಮನೆಗಳನ್ನು ಜಾರ್ಜಿಯನ್ ಮನೆಗಳೆನ್ನುತ್ತಾರೆ. ಡಬ್ಲಿನ್ನಿನ ಮಟ್ಟಿಗೆ ಈ ಬೀದಿಯೇ ಅವುಗಳ ಮೊದಲ ತಲೆಮಾರು. ಇಲ್ಲಿನ 14ನೇ ನಂಬರಿನ ಮನೆ ಈಗ ವಸ್ತುಸಂಗ್ರಹಾಲಯ. ಅದನ್ನು ನೋಡಿ ಹೊರಬಂದ ಇಬ್ಬರ ನಡುವಿನ ಮಾತು ಇದು. ಒಬ್ಬರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದ ಶ್ರೀರಂಗಪಟ್ಟಣದ ಕಡೆಯ ಹಿರಿಯರು. ಇನ್ನೊಬ್ಬಳು ಅವರ ತಂಗಿಯ ಮಗಳು, ಡಬ್ಲಿನ್ನಿನಲ್ಲಿ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ಕೆಲಸದಲ್ಲಿರುವವಳು.

ಮಾವ: ಹೊರಗಿನಿಂದ ನೋಡಿದರೆ ಇದರಲ್ಲೇನಿದೆಯಮ್ಮ? ಬಾಗಿಲ ಸುತ್ತ ಒಂದಿಷ್ಟು ಕಲ್ಲಿನ ಕೆಲಸ ಬಿಟ್ಟರೆ ಬರೀ ಇಟ್ಟಿಗೆ ಗೋಡೆ, ಅದಕ್ಕೆ ಸಾಲಾಗಿ ಕಿಟಕಿ. ನಮ್ಮೂರಿನ ಸಾಧಾರಣ ತೊಟ್ಟಿಮನೆಯ ಬಾಗಿಲುವಾಡಕ್ಕೂ ಇದಕ್ಕಿಂತ ಹೆಚ್ಚು ಕುಸುರಿ ಮಾಡಿರ್ತಾರೆ.

ಸೊಸೆ: ಕುಸುರಿಯೆಲ್ಲ ಒಳಗಿದೆ ಮಾವ, ಚಾವಣಿಯ ಗಾರೆ ಕೆಲಸದಲ್ಲಿ. ಹೊರಗಿರೋದು ಬರೀ ಅಳತೆ. ಅತಿಥಿಗಳನ್ನು ಬರಮಾಡಿಕೊಳ್ಳುವ ಮೊದಲನೇ ಮಹಡಿಗೆ ಉದ್ದನೆಯ ಕಿಟಕಿ, ಅದರ ಮೇಲಿನದಕ್ಕೆ ಗಿಡ್ಡ, ತುತ್ತತುದಿಗೆ ಹೆಚ್ಚುಕಡಿಮೆ ಚೌಕ. ಮೆರಿಯನ್ ಸ್ಕ್ವೇರ್ ಕಡೆಯ ಮನೆಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತೆ. ಇಟಲಿಯ ಪಲ್ಲಾಡಿಯೋ 16ನೇ ಶತಮಾನದಲ್ಲಿ ಬರೆದಿಟ್ಟ ಪ್ರಮಾಣದ ಲೆಕ್ಕಗಳು ಇವಕ್ಕೆ ಮೂಲ. ಈ ಬೀದಿಯ 9ನೇ ನಂಬರನ್ನು ರೂಪಿಸಿದ ಎಡ್ವರ್ಡ್ ಲವೆಟ್ ಪಿಯರ್ಸ್, ಇಟಲಿಗೇ ಹೋಗಿ ಪಲ್ಲಾಡಿಯೋನ ಕಟ್ಟಡಗಳನ್ನು ನೋಡಿಕೊಂಡು ಬಂದವನು. ಡಬ್ಲಿನ್ನಿನ ಹಳೇ ಪಾರ್ಲಿಮೆಂಟ್ ಭವನವೂ ಅವನದೇ.

ಮಾವ: ಆ ತುದಿಯ ಗಿಡ್ಡ ಕಿಟಕಿಯ ಹಿಂದೆ ಯಾರಿರ್ತಿದ್ದರು?

ಸೊಸೆ: ಮಕ್ಕಳು, ಆಳುಕಾಳು.

ಮಾವ: ಹಾಗಿದ್ದರೆ ಅದು ಬರೀ ಅಂದದ ಲೆಕ್ಕ ಅಲ್ಲ. ಯಜಮಾನನ ಮುಂದೆ ಆಳು ಎಷ್ಟು ತಗ್ಗಿ ನಿಲ್ಲಬೇಕು ಅನ್ನೋದನ್ನೂ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ಸೊಸೆ: ಅದನ್ನು ನಾನು ಅಲ್ಲಗಳೆಯೋದಿಲ್ಲ. ಮೆಟ್ಟಿಲಲ್ಲಿ ಅದು ಇನ್ನೂ ನಿಚ್ಚಳ. 14ರಲ್ಲಿ ಬಾಗಿಲು ದಾಟಿದೊಡನೆ ಎರಡು ಅಂತಸ್ತು ಎತ್ತರದ ಹಜಾರವಿತ್ತು, ಅಲ್ಲೊಂದು ಭಾರಿ ಮೆಟ್ಟಿಲು. ಅದು ಮೊದಲನೇ ಮಹಡಿಗೆ ಹೋಗಿ ನಿಂತುಬಿಡ್ತಿತ್ತು, ಬಂದವರಿಗೆ ಅದಕ್ಕಿಂತ ಮೇಲೆ ಕೆಲಸವಿಲ್ಲ. ಕೆಳಗಿನಿಂದ ತುದಿಯವರೆಗೆ ಮನೆಯನ್ನು ಜೋಡಿಸಿದ್ದು ಹಿಂದುಗಡೆಯ ಮೆಟ್ಟಿಲು. ಕಲ್ಲಿದ್ದಲು, ಬಿಸಿನೀರು, ರಾತ್ರಿಯ ಮಲದ ಪಾತ್ರೆ, ಎಲ್ಲ ಅದರಲ್ಲೇ ಹತ್ತಿ ಇಳೀತಿತ್ತು. ಅಡುಗೆಮನೆ ನೆಲಮಾಳಿಗೆಯಲ್ಲಿ.

ಮಾವ: ನೆಲಮಾಳಿಗೆ ಅಂತೀಯ. ಇಂಥ ಮನೆಗಳ ಹಿತ್ತಲಿಗೆ ಹೋದರೆ ಅದು ನೆಲದ ಮಟ್ಟಕ್ಕೇ ಇರುತ್ತಲ್ಲ?

ಸೊಸೆ: ಸರಿಯಾಗಿ ಗಮನಿಸಿದ್ದೀರಿ. ಇವರು ಅಗೆದದ್ದು ಕಡಿಮೆ, ಬೀದಿಯನ್ನೇ ಮಣ್ಣು ತುಂಬಿ ಎತ್ತರಿಸಿದರು. ಬೀದಿಯ ಅಂಚಿನಡಿ ಕಮಾನು ಕಟ್ಟಿ ಕಲ್ಲಿದ್ದಲ ಉಗ್ರಾಣ ಮಾಡಿದರು. ಬೀದಿಗೂ ಮನೆಗೂ ನಡುವೆ ಆಳವಾದೊಂದು ಕಂದಕ ಬಿಟ್ಟರು, ಅಡುಗೆಮನೆಗೆ ಬೆಳಕು ಬರಲಿ ಅಂತ. ಅದಕ್ಕೆ ಕಬ್ಬಿಣದ ಕಂಬಿ. ಮುಂಬಾಗಿಲಿಗೆ ಹೋಗುವ ಕಲ್ಲುಮೆಟ್ಟಿಲು ಆ ಕಂದಕವನ್ನು ದಾಟಿಕೊಂಡು ಹೋಗುತ್ತೆ. ಹಿಂದೆ ಅಂಗಳ, ಅದರಾಚೆ ಕುದುರೆಲಾಯ. ಕಿರಿದಾದ ಮುಖ, ಉದ್ದನೆಯ ಒಡಲು. ಬೀದಿಗೆ ಮುಖಮಾಡಿದ ಪ್ರತಿ ಅಡಿ ಜಾಗಕ್ಕೂ ಬೆಲೆ ಇದ್ದ ಕಾಲದಲ್ಲಿ ಹುಟ್ಟಿದ ನಕ್ಷೆ ಇದು.

ಮಾವ: ಬೆಲೆಯ ಮಾತು ಬಂತು. ಇದನ್ನು ಕಟ್ಟಿಸಿದವನು ದೊರೆಯಲ್ಲ, ಮಠವಲ್ಲ. ಲ್ಯೂಕ್ ಗಾರ್ಡಿನರ್ ಅನ್ನೋ ಬ್ಯಾಂಕಿನ ಮನುಷ್ಯ. 1720ರ ದಶಕದಲ್ಲಿ ಜಾಗ ಕೊಂಡ, ಬೀದಿ ಎಳೆದ. 13, 14, 15 ಈ ಮೂರನ್ನೂ 1740ರ ದಶಕದ ಕೊನೆಗೆ ತಾನೇ ಕಟ್ಟಿಸಿದ, ಬೇರೆಯವರಿಗೆ ಕೊಟ್ಟು ದುಡ್ಡು ಮಾಡೋದಕ್ಕೆ. ಇದು ಲೇಔಟ್ ವ್ಯವಹಾರ. ಅವತ್ತಿನ ಲಂಡನ್ನಿನಲ್ಲೂ ಅಷ್ಟೇ ತಾನೆ? ಜಮೀನುದಾರ 99 ವರ್ಷಕ್ಕೆ ಗುತ್ತಿಗೆ ಕೊಡೋದು, ಕಟ್ಟೋ ಮೇಸ್ತ್ರಿ ಅಷ್ಟು ವರ್ಷ ನಿಂತರೆ ಸಾಕು ಅಂತ ಕಟ್ಟೋದು. ಗೋಡೆಯ ಒಳಗೆ ಇಟ್ಟಿಗೆಯ ನಡುವೆ ಮರದ ಪಟ್ಟಿ ಹುದುಗಿಸಿರ್ತಾರೆ. ಕಿಟಕಿಯ ಮೇಲೆ ಮುಂದುಗಡೆ ಇಟ್ಟಿಗೆ ಕಮಾನು, ಅದರ ಬೆನ್ನಿಗೆ ಮರದ ತೊಲೆ. ಚಾವಣಿಯ ಎರಡು ಇಳಿಜಾರಿನ ನಡುವಿನ ಕಣಿವೆಯಲ್ಲಿ ನೀರು ನಿಲ್ಲುತ್ತೆ, ಒಂದು ಸೀಸದ ತಗಡು ಬಿರುಕು ಬಿಟ್ಟರೆ ಸಾಕು, ತೊಲೆ ಕೊಳೆಯೋಕೆ ಶುರು. ಇಂಥದ್ದನ್ನು ನಾನು ಪರಿಶೀಲನೆಗೆ ಹೋಗಿದ್ದರೆ ಕೆಂಪು ಶಾಯಿಯಲ್ಲಿ ಬರೆದುಬಿಡ್ತಿದ್ದೆ.

ಸೊಸೆ: ನೀವು ಹೇಳಿದ ಒಂದೊಂದು ದೋಷವನ್ನೂ ನಾನು ದಿನಾ ನೋಡ್ತೀನಿ. ಆದರೆ ಆ ದೋಷಗಳು ಪ್ರಾಣಾಂತಿಕ ಆದದ್ದು ಹೆಚ್ಚಾಗಿ ಆಮೇಲಿನವರ ದುರಸ್ತಿಯಿಂದ. ಸುಣ್ಣದ ಗಾರೆ ಉಸಿರಾಡುತ್ತೆ, ಹೀರಿದ ತೇವವನ್ನು ಬಿಟ್ಟುಬಿಡುತ್ತೆ. ಅದರ ಮೇಲೆ ಸಿಮೆಂಟು ಮೆತ್ತಿದರು. ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆಯ ಮೈ ಉದುರಿತು, ಒಳಗಿನ ಮರ ಕೊಳೆಯಿತು. ಸುಣ್ಣಕ್ಕೆ ಸುಣ್ಣವನ್ನೇ ಹಾಕಿದ ಕಡೆ ಈ ಗೋಡೆಗಳು ಚೆನ್ನಾಗಿಯೇ ನಿಂತಿವೆ. ವ್ಯವಹಾರ ಅಂದಿರಿ, ನಿಜ. ಆದರೆ ಜಮೀನುದಾರರು ಗುತ್ತಿಗೆ ಪತ್ರದಲ್ಲೇ ಎತ್ತರ, ಸಾಲು, ಸಾಮಗ್ರಿ ಇಂತಿಷ್ಟೇ ಅಂತ ಕಟ್ಟುಪಾಡು ಹಾಕ್ತಿದ್ದರು. ಬೀದಿಗಳನ್ನು ಅಗಲ ಮಾಡೋದಕ್ಕೆ 1757ರಲ್ಲಿ ಕಾನೂನು ತಂದು ಇಲ್ಲೊಂದು ಆಯೋಗವನ್ನೇ ನೇಮಿಸಿದರು. 1762ರಲ್ಲಿ ಆರಂಭವಾದ ಮೆರಿಯನ್ ಸ್ಕ್ವೇರ್‌ನಲ್ಲಿ ಬೇರೆ ಬೇರೆ ಮೇಸ್ತ್ರಿಗಳು ಎರಡು ಮೂರು ಮನೆಗಳಂತೆ ಕಟ್ಟಿದರೂ ಇಡೀ ಚೌಕ ಒಂದೇ ಮನಸ್ಸಿನಿಂದ ಹೊರಟ ಹಾಗಿದೆ. ಲಾಭಕ್ಕೆ ಕಟ್ಟಿದವರೂ ಬೀದಿಯ ಮಾತು ಕೇಳಬೇಕಾಗಿತ್ತು. ಅದು ನನಗೆ ದೊಡ್ಡದು.

ಮಾವ: ಯಾರ ದುಡ್ಡಿನಿಂದ ಅಂತಲೂ ಹೇಳು. ಇಲ್ಲಿದ್ದವರೆಲ್ಲ ಜಮೀನುದಾರರು, ಬಿಷಪ್ಪುಗಳು, ನ್ಯಾಯಾಧೀಶರು. ಹಳ್ಳಿಯಲ್ಲಿ ಗೇಣಿದಾರ ಆಲೂಗಡ್ಡೆ ತಿಂದು ಕಟ್ಟಿದ ಗೇಣಿಯೇ ಇಲ್ಲಿ ಚಾವಣಿಯ ಗಾರೆ ಹೂವಾಯಿತು. ಮೆರಿಯನ್ ಬೀದಿಯಲ್ಲಿ ಆ ಹೋಟೆಲ್ ತೋರಿಸಿದೆಯಲ್ಲ, ಅದರಲ್ಲಿ ಸೇರಿರೋ ಒಂದು ಮನೆ ಮಾರ್ನಿಂಗ್ಟನ್ ಹೌಸ್. ಆರ್ಥರ್ ವೆಲ್ಲೆಸ್ಲಿ 1769ರಲ್ಲಿ ಹುಟ್ಟಿದ್ದು ಅಲ್ಲೇ ಅಂತ ಹೇಳ್ತಾರೆ. ಅವನ ಅಣ್ಣ ಗವರ್ನರ್ ಜನರಲ್ ಆಗಿದ್ದಾಗಲೇ 1799ರಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದದ್ದು. ಕೋಟೆ ಕೈವಶವಾದ ಮೇಲೆ ಆಡಳಿತ ನೋಡಿಕೊಂಡವನು ಈ ಆರ್ಥರ್. ಆ ಬಾಗಿಲ ಮುಂದೆ ನಿಂತಾಗ ನನಗೆ ಅಳತೆ ಪ್ರಮಾಣ ಏನೂ ಕಾಣಲಿಲ್ಲ.

ಸೊಸೆ: ಶ್ರೀರಂಗಪಟ್ಟಣಕ್ಕೆ ಬಂದ ಆರ್ಥರ್ ಎಲ್ಲಿ ವಾಸವಿದ್ದ ಮಾವ?

ಮಾವ: ದರಿಯಾ ದೌಲತ್‌ನಲ್ಲಿ.

ಸೊಸೆ: ಟಿಪ್ಪು ಕಟ್ಟಿಸಿದ ಅರಮನೆ, ಟಿಪ್ಪುವನ್ನು ಸೋಲಿಸಿದ ಸೈನ್ಯದವನ ಮನೆಯಾಯಿತು. ಇವತ್ತು ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡೋ ಜಾಗ. ವೆಲ್ಲೆಸ್ಲಿ ಇದ್ದ ಅಂತ ಅದನ್ನು ಯಾರೂ ಕೆಡವಲಿಲ್ಲ. ಮೈಸೂರಿನ ವೆಲ್ಲಿಂಗ್ಟನ್ ಲಾಡ್ಜ್ ಕೂಡ ನಿಂತಿದೆ.

ಮಾವ: ದರಿಯಾ ದೌಲತ್ ಟಿಪ್ಪುವಿನದು, ಅದಕ್ಕೇ ಉಳಿಸಿಕೊಂಡೆವು. ಈ ಮನೆ ಐರಿಷ್ ಜನರದ್ದಾಗಿತ್ತಾ?

ಸೊಸೆ: ಆಯಿತು, ಅದೂ ಯಾರೂ ಯೋಚಿಸದ ರೀತಿಯಲ್ಲಿ. 14ರ ಕತೆಯನ್ನೇ ತಗೊಳ್ಳಿ. ಮೊದಲು ಬಂದವನು ಲಾರ್ಡ್ ಮೋಲ್ಸ್‌ವರ್ತ್. 1706ರ ರಾಮಿಯೀ ಕದನದಲ್ಲಿ ಮಾರ್ಲ್‌ಬರೋ ಡ್ಯೂಕ್‌ಗೆ ತನ್ನ ಕುದುರೆ ಕೊಟ್ಟು ಅವನ ಜೀವ ಉಳಿಸಿದ ಸೈನಿಕ. ಅವನ ಎರಡನೇ ಹೆಂಡತಿ ಮೇರಿ ಈ ಮನೆಯಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು. ಗಂಡ ತೀರಿದ ಮೇಲೆ ಲಂಡನ್ನಿಗೆ ಹೋದಳು. 1763ರಲ್ಲಿ ಅಲ್ಲಿನ ಅಪ್ಪರ್ ಬ್ರೂಕ್ ಬೀದಿಯ ಮನೆಗೆ ಬೆಂಕಿ ಬಿದ್ದು ಸತ್ತುಹೋದಳು. ಎಷ್ಟೇ ಸಿರಿವಂತರ ಮನೆಯಾದರೂ ಒಳಗೆಲ್ಲ ಮರದ ಜಂತಿ, ಮರದ ಮೆಟ್ಟಿಲು. ಸಾಲುಮನೆಗಳ ನಡುಗೋಡೆ ಇಷ್ಟು ದಪ್ಪ ಇರಬೇಕು, ಕಿಟಕಿಯ ಮರ ಗೋಡೆಯ ಮುಖದಿಂದ ಒಳಗೆ ಸರಿದಿರಬೇಕು ಅಂತ ಲಂಡನ್ನಿನಲ್ಲಿ ಮತ್ತೆ ಮತ್ತೆ ಕಾನೂನು ಮಾಡಿದ್ದು ಈ ಬೆಂಕಿಯ ಭಯಕ್ಕೆ. 1709ರದ್ದೊಂದು, 1774ರದ್ದೊಂದು. ನೀವು ಏನೂ ಇಲ್ಲ ಅಂದ ಆ ಬೋಳು ಇಟ್ಟಿಗೆ ಗೋಡೆ ಅಂದಕ್ಕೆಂದು ಮಾತ್ರ ಬೋಳಾದದ್ದಲ್ಲ.

ಮಾವ: ಆಮೇಲೆ 1801 ಬಂತು.

ಸೊಸೆ: ಹೌದು, ಐರ್ಲೆಂಡನ್ನು ಬ್ರಿಟನ್ನಿಗೆ ಸೇರಿಸಿದರು, ಡಬ್ಲಿನ್ನಿನ ಪಾರ್ಲಿಮೆಂಟ್ ಮುಚ್ಚಿತು. ಅಧಿವೇಶನಕ್ಕೆಂದು ಇಲ್ಲಿ ಮನೆ ಮಾಡಿದ್ದ ಶ್ರೀಮಂತರು ಲಂಡನ್ನಿಗೆ ಹೊರಟರು. ಮನೆಗಳ ಬೆಲೆ ಬಿದ್ದುಹೋಯಿತು. ಈ ಬೀದಿಗೆ ವಕೀಲರು ಬಂದರು. 1850ರ ದಶಕದಲ್ಲಿ ಇದೇ 14ನೇ ನಂಬರಿನಲ್ಲಿ ಸಾಲದಲ್ಲಿ ಮುಳುಗಿದ ಜಮೀನುದಾರಿಗಳನ್ನು ಮಾರುವ ನ್ಯಾಯಾಲಯ ನಡೆಯಿತು. ಮಹಾ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರಲ್ಲ, ಅದರ ಬೆನ್ನಿಗೆ. ಯಾರ ಗೇಣಿಯಿಂದ ಇಂಥ ಚಾವಣಿಗಳು ಎದ್ದವು ಅಂದಿರೋ, ಅವರು ಉಳುತ್ತಿದ್ದ ನೆಲ ಇಂಥದೇ ಚಾವಣಿಯ ಕೆಳಗೆ ಕೈ ಬದಲಾಯಿಸಿತು.

ಮಾವ: ಕೊಂಡವನು ಗೇಣಿದಾರ ಅಲ್ಲ. ಇನ್ನೊಬ್ಬ ದುಡ್ಡಿದ್ದವನು.

ಸೊಸೆ: ಬಹುಪಾಲು ಹಾಗೇ. 1870ರ ದಶಕದಲ್ಲಿ ಥಾಮಸ್ ವಾನ್ಸ್ ಎಂಬಾತ ಈ ಮನೆ ಕೊಂಡ. ದೊಡ್ಡ ಮೆಟ್ಟಿಲು ಕಿತ್ತ, ಆ ಎತ್ತರದ ಹಜಾರಕ್ಕೆ ನೆಲ ಹಾಕಿಸಿ ಇನ್ನಷ್ಟು ಕೋಣೆ ಮಾಡಿದ. ಒಟ್ಟು 19 ಬಾಡಿಗೆ ಮನೆ. ಗೌರವಸ್ಥ ಸಂಸಾರಗಳಿಗೆ ಮಾತ್ರ, ಗ್ಯಾಸ್ ದೀಪ ಉಂಟು, ಮೆಟ್ಟಿಲ ತಿರುವಿನಲ್ಲಿ ಪಾಯಖಾನೆ ಉಂಟು ಅಂತ ಜಾಹೀರಾತು ಕೊಟ್ಟ. 1911ರ ಜನಗಣತಿಯ ಹೊತ್ತಿಗೆ ಈ ಒಂದು ಮನೆಯಲ್ಲಿ 100 ಜನ. ಇಡೀ ಬೀದಿಯಲ್ಲಿ 850ಕ್ಕೂ ಹೆಚ್ಚು.

ಮಾವ: ವಠಾರ. ಅದೂ ನಮ್ಮ ವಠಾರದಂತೆ ಬಯಲಿಗೆ ತೆರೆದದ್ದಲ್ಲ, ಗಾಳಿಯಿಲ್ಲದ್ದು. ಈ ಕಟ್ಟಡವನ್ನು ಹೊಗಳುವವರ ಬಾಯಲ್ಲಿ ಕೇಳದ ಮಾತನ್ನು ನಾನು ಕೇಳ್ತೀನಿ. ಸೆಪ್ಟೆಂಬರ್ 1913ರಲ್ಲಿ ಚರ್ಚ್ ಬೀದಿಯಲ್ಲಿ ಇಂಥ ಎರಡು ಮನೆ ಕುಸಿದು ಏಳು ಜನ ಸತ್ತರು. ಮರುವರ್ಷ ಬಂದ ಸರ್ಕಾರಿ ವಿಚಾರಣೆಯ ವರದಿಯಲ್ಲಿ ಗೊತ್ತಾಯಿತು, ನಗರಸಭೆಯ ಸದಸ್ಯರಲ್ಲೇ ಕೆಲವರು ಇಂಥ ವಠಾರಗಳ ಮಾಲೀಕರು. ಜೂನ್ 1963ರಲ್ಲಿ, ನೋಡು, ಇದೇ ಬೋಲ್ಟನ್ ಬೀದಿಯಲ್ಲಿ ಹಳೇ ಮನೆ ಬಿದ್ದು ವಯಸ್ಸಾದ ಗಂಡ ಹೆಂಡತಿ ಸತ್ತರು. ಅದೇ ತಿಂಗಳು ಫೀನಿಯನ್ ಬೀದಿಯಲ್ಲಿ ಇನ್ನೊಂದು ಬಿದ್ದು ಇಬ್ಬರು ಹುಡುಗಿಯರು ಹೋದರು. ಐವತ್ತು ವರ್ಷದಲ್ಲಿ ಯಾರೂ ಏನೂ ಕಲಿತಿರಲಿಲ್ಲ. ಆಗ ಈ ಊರು ಹಳೇ ಮನೆಗಳನ್ನು ಕೆಡವಿ ಫ್ಲಾಟು ಕಟ್ಟಿದರೆ ತಪ್ಪೇನು? ನನ್ನನ್ನು ಕೇಳಿದ್ದರೆ ನಾನೂ ಸಹಿ ಹಾಕ್ತಿದ್ದೆ.

ಸೊಸೆ: ಬೀಳುವ ಮನೆಯಿಂದ ಜನರನ್ನು ಹೊರಗೆ ತರೋದಕ್ಕೆ ನಾನೂ ಸಹಿ ಹಾಕ್ತೀನಿ. ಆದರೆ ಅದೇ ಭಯವನ್ನು ನೆಪ ಮಾಡಿಕೊಂಡು ಗಟ್ಟಿ ಮನೆಗಳನ್ನೂ ಉರುಳಿಸಿದರು. ಲೋವರ್ ಫಿಟ್ಸ್‌ವಿಲಿಯಂ ಬೀದಿ ನೋಡಿದಿರಲ್ಲ. ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ತಡೆಯಿಲ್ಲದೆ ಸಾಗುತ್ತಿದ್ದ ಜಾರ್ಜಿಯನ್ ಸಾಲಿನ ಒಂದು ಭಾಗ ಅದು. ಅದರ ನಡುವಿನ 16 ಮನೆಗಳನ್ನು 1965ರಲ್ಲಿ ವಿದ್ಯುತ್ ಮಂಡಳಿ ತನ್ನ ಕಚೇರಿಗಾಗಿ ಕೆಡವಿತು. ಅಲ್ಲಿ ವಠಾರ ಇರಲಿಲ್ಲ, ಯಾರ ತಲೆಯ ಮೇಲೂ ಏನೂ ಬೀಳ್ತಿರಲಿಲ್ಲ. ಕೆಡವಬಹುದು ಅಂತ ಅಭಿಪ್ರಾಯ ಕೊಟ್ಟವರು ಯಾರು ಗೊತ್ತಾ? ಲಂಡನ್ನಿನ ಜಾರ್ಜಿಯನ್ ಮನೆಗಳ ಬಗ್ಗೆಯೇ ದೊಡ್ಡ ಪುಸ್ತಕ ಬರೆದ ಜಾನ್ ಸಮ್ಮರ್‌ಸನ್. ಬಿಡಿ ಮನೆಯಾಗಿ ನೋಡಿದರೆ ಒಂದರಲ್ಲೂ ವಿಶೇಷ ಇಲ್ಲ ಅಂದರು. ಸಾಲುಮನೆಯನ್ನು ಬಿಡಿಬಿಡಿಯಾಗಿ ತೂಗಬಾರದು ಮಾವ. ಹಲ್ಲಿನ ಸಾಲಲ್ಲಿ ಒಂದು ಹೋದರೆ ಮುಖವೇ ಬೇರೆ ಆಗುತ್ತೆ. ಆ ಜಾಗದಲ್ಲಿ ಎದ್ದ ಕಚೇರಿ ಐವತ್ತು ವರ್ಷವೂ ಸರಿಯಾಗಿ ಬಾಳಲಿಲ್ಲ. ಅದನ್ನೂ ಕೆಡವಿ ಈಗ ಮೂರನೆಯದನ್ನು ಕಟ್ಟಿದ್ದಾರೆ, ಇಟ್ಟಿಗೆಯ ಮುಖದ್ದು.

ಮಾವ: ಆ ಕಾಲದ ಜನಕ್ಕೆ ಇವು ದಬ್ಬಾಳಿಕೆ ಮಾಡಿದವರ ಮನೆಗಳು. ಹೋಗಲಿ ಅಂದರೆ ಅವರನ್ನು ಹೇಗೆ ಬೈತೀಯ? ಉಳಿಸಿ ಅಂದವರಲ್ಲಿ ಮುಂದಿದ್ದದ್ದು ಶ್ರೀಮಂತರು, ಪ್ರಭುವಂಶದವರು.

ಸೊಸೆ: ಸಚಿವರಾಗಿದ್ದ ಕೆವಿನ್ ಬೋಲಂಡ್ 1970ರಲ್ಲಿ ಹೆಚ್ಚುಕಡಿಮೆ ಹೀಗೇ ಹೇಳಿದ್ದರು. ಆದರೆ ಈ ಬೀದಿಯ 5, 6, 7ನೇ ನಂಬರುಗಳನ್ನು ಕೊಂಡು ಉಳಿಸಿದ್ದು ಊನ್ಶನ್ ಮಕೋಯಿನ್ ಎಂಬ ವಾಸ್ತುಶಿಲ್ಪಿ. ಬ್ರಿಟಿಷ್ ಆಳ್ವಿಕೆಯ ಕಡು ವಿರೋಧಿ, ಕಟ್ಟಾ ಗಣರಾಜ್ಯವಾದಿ, ಅದಕ್ಕಾಗಿ ಬಂಧನದಲ್ಲಿದ್ದವರು. ಈ ಇಟ್ಟಿಗೆ ಸುಟ್ಟವರು, ಈ ಗಾರೆ ತೀಡಿದವರು, ಆಮೇಲೆ ಈ ಕೋಣೆಗಳಲ್ಲಿ ಬದುಕಿದವರು ಐರಿಷ್ ಕೆಲಸಗಾರರು ತಾನೆ? ಇದೆಲ್ಲ ಆ ಕೆಲಸಗಾರರದು ಅಂತ ಮಕೋಯಿನ್ ವಾದ. ಬಾಡಿಗೆ ವಸೂಲಿ ಮಾಡಿದವನಿಗೆ ಮನೆಯನ್ನು ಯಾಕೆ ಬಿಟ್ಟುಕೊಡಬೇಕು?

ಮಾವ: ಮಾತು ಚೆನ್ನಾಗಿದೆ. ಅದೇ ಮಾತನ್ನು ಒಳಗೆ ಪಾಲಿಸಿದ್ದಾರಾ ಅನ್ನೋದು ನನ್ನ ಅನುಮಾನ. ಬಡತನವನ್ನು ಟಿಕೆಟ್ ಇಟ್ಟು ತೋರಿಸೋದು ನನಗೆ ಕಷ್ಟವಾಗುತ್ತೆ. ಒಂದು ಕೋಣೆಯಲ್ಲಿ ಒಂದು ಸಂಸಾರವೇ ಮಲಗಿದ್ದ ಜಾಗದಲ್ಲಿ ನಾವು ಚಪ್ಪಲಿ ಹಾಕಿಕೊಂಡು ನಿಂತು, ಓಹೋ ಅಂತ ಮೇಲಿನ ಗಾರೆ ನೋಡಿದೆವು.

ಸೊಸೆ: ಹಿಂದಿನ ಮೆಟ್ಟಿಲ ಗೋಡೆ ನೋಡಿದಿರಲ್ಲ, ಕೆಳಗೆ ಕೆಂಪು, ಅಲ್ಲಲ್ಲಿ ನೀಲಿ. ಕೆಂಪು ಅಂದರೆ ಕುರಿಗಳಿಗೆ ಗುರುತು ಹಾಕುವ ಕೆಮ್ಮಣ್ಣು. ನೀಲಿ ಅಂದರೆ ಬಟ್ಟೆಗೆ ಹಾಕುವ ರೆಕಿಟ್ ನೀಲಿ. ಅಜ್ಜಿ ಬಿಳಿ ಪಂಚೆಗೆ ಹಾಕ್ತಿದ್ದ ರಾಬಿನ್ ಬ್ಲೂ ಕೂಡ ಅದೇ ರೆಕಿಟ್ ಕಂಪನಿಯದು. ವಠಾರಗಳ ಗೋಡೆಗೆ ಸಿಗ್ತಿದ್ದ ಅಗ್ಗದ ಬಣ್ಣ ಅವು. ಬೇರೆ ಊರಿನಲ್ಲಾದರೆ ಅದನ್ನು ಕೆರೆದು ಹಾಕಿ 1750ರ ಬಣ್ಣ ಬಳಿದು, ಮೇಣದಬತ್ತಿಯ ಗೊಂಚಲು ತೂಗುಹಾಕಿ ಲಾರ್ಡ್ ಮನೆ ಮಾಡ್ತಿದ್ದರು. ಇಲ್ಲಿ ಕೆರೆಯಲಿಲ್ಲ. ಕೊನೆಯ ಬಾಡಿಗೆದಾರರ ಕಾಲದ ಒಂದು ಮನೆಯನ್ನು ಹಾಗೇ ಜೋಡಿಸಿಟ್ಟಿದ್ದಾರೆ. ಇಲ್ಲಿ ಹುಟ್ಟಿ ಬೆಳೆದವರನ್ನು ಕರೆಸಿ, ಅವರ ನೆನಪುಗಳನ್ನು ಬರೆದಿಟ್ಟುಕೊಂಡು ಕತೆ ಹೆಣೆದಿದ್ದಾರೆ. ಬಡತನದ ಪ್ರದರ್ಶನಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲವಾ?

ಮಾವ: ಇದೆ. ಆದರೆ ಆ ಕೊನೆಯ ಬಾಡಿಗೆದಾರರು ಬಿಟ್ಟುಹೋದದ್ದು 1970ರ ದಶಕದ ಕೊನೆಗೆ. ವಸ್ತುಸಂಗ್ರಹಾಲಯ ತೆರೆದದ್ದು 2018ರಲ್ಲಿ. ನಡುವೆ ಹತ್ತಿರ ಹತ್ತಿರ ನಲವತ್ತು ವರ್ಷ. ಮನೆಯ ದುರಸ್ತಿಗೇ ಹತ್ತು ವರ್ಷ ಹಿಡಿಯಿತು. ಇಷ್ಟು ದುಡ್ಡು, ಇಷ್ಟು ಕಸುಬುದಾರರ ಶ್ರಮ ಒಂದು ಮನೆಗೆ. ನೀನು ಇಲ್ಲಿ ಎಷ್ಟು ಜನರ ಜೊತೆ ಬಾಡಿಗೆ ಹಂಚಿಕೊಂಡಿದ್ದೀಯ ಅಂತ ನಿಮ್ಮಮ್ಮನಿಗೆ ನಾನು ಹೇಳಿಲ್ಲ. ಮನೆ ಸಿಗದೆ ಪರದಾಡೋ ಊರಿನಲ್ಲಿ ಮನೆಯನ್ನು ವಸ್ತುಸಂಗ್ರಹಾಲಯ ಮಾಡೋದು ನನ್ನ ಲೆಕ್ಕಕ್ಕೆ ಕೂರೋದಿಲ್ಲ.

ಸೊಸೆ: ಈ ಒಂದು ಮನೆ ಕತೆ ಹೇಳೋಕೆ ಬೇಕು, ಅದನ್ನು ನಾನು ಬಿಟ್ಟುಕೊಡೋದಿಲ್ಲ. ಉಳಿದವುಗಳ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ನಗರದ ನಡುವೆ ಎಷ್ಟೋ ಜಾರ್ಜಿಯನ್ ಮನೆಗಳಲ್ಲಿ ಕೆಳಗೆ ಅಂಗಡಿ, ಕಚೇರಿ, ಮೇಲಿನ ಮಹಡಿಗಳು ಖಾಲಿ. ಜನ ವಾಸಕ್ಕೆ ಬರಬೇಕು ಅಂತ ನಾನು ವಾದಿಸ್ತೀನಿ. ಆದರೆ ಬೆಂಕಿಯಿಂದ ಪಾರಾಗೋಕೆ ಎರಡನೇ ದಾರಿ ಬೇಕು, ಗೋಡೆಗೆ ಶಾಖ ತಡೆಯುವ ಹೊದಿಕೆ ಬೇಕು, ವಯಸ್ಸಾದವರಿಗೆ ಲಿಫ್ಟು ಬೇಕು. ಇದನ್ನೆಲ್ಲ ಹಳೆಯ ಗಾರೆ, ಮೆಟ್ಟಿಲು ಕೆಡದ ಹಾಗೆ ಮಾಡೋದಕ್ಕೆ ಹೊಸ ಫ್ಲಾಟಿಗಿಂತ ಹೆಚ್ಚು ಖರ್ಚು ಬೀಳೋದುಂಟು.

ಮಾವ: ಖರ್ಚು ಹೆಚ್ಚಾದರೂ ಜನ ಬಂದರೆ ನಾನು ಸುಮ್ಮನಾಗ್ತೀನಿ. ಚಾವಣಿಯ ಹೂವು ಒಂದೆರಡು ಹೋದರೂ ಪರವಾಗಿಲ್ಲ ಅಂತೀನಿ, ಅದಕ್ಕೆ ನೀನು ಒಪ್ಪೋದಿಲ್ಲ.

ಸೊಸೆ: ಒಪ್ಪೋದಿಲ್ಲ. ವಾನ್ಸ್ ಕೂಡ ಜನ ಬರಲಿ ಅಂತಲೇ ಮೆಟ್ಟಿಲು ಕಿತ್ತದ್ದು.

ಮಾವ: ಅವನು ಜನ ಬರಲಿ ಅಂತ ಕೀಳಲಿಲ್ಲಮ್ಮ, ಬಾಡಿಗೆ ಬರಲಿ ಅಂತ ಕಿತ್ತ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಮಾತು ಇಲ್ಲಿಗೆ ಬಗೆಹರಿಯಲಿಲ್ಲ, ಬಗೆಹರಿಯುವಂಥದ್ದೂ ಅಲ್ಲ. ಡಬ್ಲಿನ್ನಿಗೆ ಓದಲು, ದುಡಿಯಲು, ಮಕ್ಕಳನ್ನು ನೋಡಲು ಹೋಗುವ ಕನ್ನಡಿಗರು ಈಗ ಕಡಿಮೆಯೇನಲ್ಲ. ಹೆಚ್ಚಿನವರು ಮೆರಿಯನ್ ಸ್ಕ್ವೇರ್‌ನ ಬಣ್ಣದ ಬಾಗಿಲುಗಳ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ದಯವಿಟ್ಟು ಲಿಫಿ ದಾಟಿ ಉತ್ತರಕ್ಕೂ ಬನ್ನಿ. ಡೊಮಿನಿಕ್ ಟ್ರಾಮ್ ನಿಲ್ದಾಣದಲ್ಲಿ ಇಳಿದರೆ ಹೆನ್ರಿಯೆಟ್ಟಾ ಬೀದಿ ಕೆಲವೇ ನಿಮಿಷಗಳ ನಡಿಗೆ. 14ನೇ ನಂಬರಿನಲ್ಲಿ ಮೊದಲನೇ ಮಹಡಿಯ ದಿವಾನಖಾನೆಗೆ ಎಷ್ಟು ಹೊತ್ತು ಕೊಡುತ್ತೀರೋ, ಹಿಂದಿನ ಮೆಟ್ಟಿಲಿನ ಆ ಕೆಂಪು, ನೀಲಿ ಗೋಡೆಗೂ ಅಷ್ಟೇ ಹೊತ್ತು ಕೊಡಿ.